ಹುಂಜ ಬದಲಿಸಿದರೆ ದೋಷ ಹೋಗುತ್ತದೆಯೇ? ಜವಾರಿ ಕೋಳಿಯ ರಕ್ತದ ಲೆಕ್ಕ

ಕಲಬುರಗಿ, ಬೀದರ, ಯಾದಗಿರಿಯ ವಾರದ ಸಂತೆಗಳಲ್ಲಿ ಒಳ್ಳೆಯ ಜವಾರಿ (ನಾಟಿ) ಹುಂಜ ಬುಟ್ಟಿಯಿಂದ ಕೆಳಗಿಳಿಯುವ ಮೊದಲೇ ಮಾರಾಟವಾಗುತ್ತದೆ. ಫಾರಂ ಕೋಳಿಯ ದರಕ್ಕೂ ಇದರ ದರಕ್ಕೂ ಹೋಲಿಕೆಯೇ ಇಲ್ಲ. ಬೇಡಿಕೆ ಇಷ್ಟಿರುವಾಗ ಸಾಕುವವರ ಮನೆಯಲ್ಲಿ ಕೇಳಿಬರುವ ಮಾತು ಬೇರೆಯೇ. ಹನ್ನೆರಡು ತತ್ತಿ ಕಾವಿಗೆ ಇಟ್ಟರೆ ಆರು ಮರಿ ಏಳುವುದೂ ಕಷ್ಟ. ಎದ್ದವುಗಳಲ್ಲಿ ಒಂದರ ಕೊಕ್ಕು ಸೊಟ್ಟ, ಇನ್ನೊಂದರ ಬೆರಳು ಮುರುಟಿದೆ, ಮತ್ತೊಂದು ಬೆಳೆಯುವುದೇ ಇಲ್ಲ.

ಇದಕ್ಕೆ ಎರಡು ಸಲಹೆ ಊರೂರಲ್ಲಿ ತಿರುಗುತ್ತಿವೆ. “ಊರ ರಕ್ತ ಕೆಟ್ಟದ, ಹೊರಗಿನ ಹುಂಜ ತಂದು ಬಿಡ್ರಿ” ಎನ್ನುವುದು ಒಂದು. “ಅಪ್ಪಟ ಜವಾರಿ ಅಂದ್ರ ಅಪ್ಪಟನೇ ಇರಬೇಕು, ಏನೂ ಕೂಡಿಸಬ್ಯಾಡ್ರಿ” ಎನ್ನುವುದು ಇನ್ನೊಂದು. ಮೊದಲ ದಾರಿಯಲ್ಲಿ ದೋಷ ಒಂದು ತಲೆಮಾರು ಕಣ್ಮರೆಯಾಗಿ ಮತ್ತೆ ಬರುತ್ತದೆ, ಜೊತೆಗೆ ಕಾವು ಕೂಡುವ ಗುಣವೂ ಹೋಗುತ್ತದೆ. ಎರಡನೆಯದರಲ್ಲಿ ದೋಷ ಇದ್ದಲ್ಲೇ ಗಟ್ಟಿಯಾಗುತ್ತದೆ. ನಮ್ಮ ಭಾಗಕ್ಕೆ ಬೇಕಾದದ್ದು ಜವಾರಿ ಹುಂಜಗಳನ್ನೇ ಊರಿಂದ ಊರಿಗೆ ಲೆಕ್ಕವಿಟ್ಟು ಬದಲಾಯಿಸುವ ಏರ್ಪಾಡು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಏಕೆ ಎಂದು ತಿಳಿಯಲು ದೋಷ ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ಸಾವಕಾಶವಾಗಿ ನೋಡಬೇಕು.

ಮೊದಲ ಪ್ರಶ್ನೆ, ಇದು ನಿಜಕ್ಕೂ ರಕ್ತದಿಂದ ಬಂದದ್ದೇ? ಹಿತ್ತಲಿನಲ್ಲಿ ಕಾಣುವ ಎಷ್ಟೋ ಊನಗಳಿಗೆ ಹುಂಜವನ್ನು ದೂರುವುದು ಅನ್ಯಾಯ. ನಾಯಿ ಕಾಟ, ಕಳ್ಳರ ಕಾಟಕ್ಕೆ ಹೆದರಿ ಈಗ ಹಲವರು ಜವಾರಿ ಕೋಳಿಗಳನ್ನು ಜಾಲರಿಯೊಳಗೆ ಕೂಡಿಹಾಕಿ ಬರೀ ಜೋಳ, ನುಚ್ಚು ಹಾಕುತ್ತಾರೆ. ತಿಪ್ಪೆ ಕೆದರಿ ಹುಳ, ಹಸಿರು ತಿನ್ನುತ್ತಿದ್ದ ಹಕ್ಕಿಗೆ ಆಗ ಬಿ2 ಜೀವಸತ್ವ ಕಡಿಮೆಯಾಗುತ್ತದೆ. ಅಂಥ ಹ್ಯಾಟಿಯ (ಹೆಣ್ಣುಕೋಳಿಯ) ತತ್ತಿಯಿಂದ ಎದ್ದ ಮರಿಯ ಬೆರಳು ಒಳಕ್ಕೆ ಮಡಚಿಕೊಳ್ಳುತ್ತವೆ, ಮರಿ ಕಾಲಿನ ಗಿಣ್ಣಿನ ಮೇಲೆ ಕುಂತು ತೆವಳುತ್ತದೆ. ಕೆಲವು ಮರಿಗಳು ತತ್ತಿಯೊಳಗೇ ಸಾಯುತ್ತವೆ. ಬೇಗ ಗಮನಿಸಿ ಸೊಪ್ಪು, ಬಿ ಕಾಂಪ್ಲೆಕ್ಸ್ ಕೊಟ್ಟರೆ ಬಹಳಷ್ಟು ಮರಿಗಳು ಎದ್ದು ನಿಲ್ಲುತ್ತವೆ. ರಕ್ತದಿಂದ ಬರುವ ಸೊಟ್ಟ ಬೆರಳು ಹೀಗಿರುವುದಿಲ್ಲ. ಅದರಲ್ಲಿ ಬೆರಳು ಪಕ್ಕಕ್ಕೆ ತಿರುಗಿರುತ್ತದೆ, ನಡಿಗೆ ಸರಿಯಾಗಿಯೇ ಇರುತ್ತದೆ.

ಕುತ್ತಿಗೆ ತಿರುಚಿಕೊಂಡು ಆಕಾಶ ನೋಡುವ ಕೋಳಿ ಹೆಚ್ಚಾಗಿ ರಾಣಿಖೇತ್ ರೋಗದಿಂದ ಬದುಕಿ ಉಳಿದದ್ದು. ಕೆಲವೊಮ್ಮೆ ಬಿ1 ಜೀವಸತ್ವದ ಕೊರತೆಯೂ ಇರಬಹುದು. ಮರಿಗಳನ್ನು ಸಾಲಾಗಿ ಕೊಲ್ಲುವ ಬಿಳಿ ಭೇದಿ ತಾಯಿಯಿಂದ ತತ್ತಿಯ ಮೂಲಕವೇ ಬರುತ್ತದೆ. ಆದರೆ ಅದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಕೆಲಸ, ವಂಶದ ದೋಷವಲ್ಲ. ತಾಯಿಯಿಂದ ಬಂದದ್ದೆಲ್ಲ ವಂಶದಿಂದ ಬಂದದ್ದು ಎಂದುಕೊಂಡರೆ ಇಲ್ಲಿ ದಾರಿ ತಪ್ಪುತ್ತೇವೆ.

ತತ್ತಿ ಮರಿಯಾಗದಿರುವುದಕ್ಕೆ ನಮ್ಮ ಬಿಸಿಲೂ ದೊಡ್ಡ ಕಾರಣ. ತತ್ತಿಗೆ ಬೇಕಾದ ಕಾವು ಸುಮಾರು 37.5 ಡಿಗ್ರಿ. ಭ್ರೂಣ ಮಾತ್ರ 21 ಡಿಗ್ರಿ ದಾಟಿದರೆ ಸಾಕು, ನಿಧಾನವಾಗಿ ಬೆಳೆಯಲು ತೊಡಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ಕೋಣೆಯೊಳಗೆ ಹತ್ತು ದಿನ ಕೂಡಿಟ್ಟ ತತ್ತಿಯಲ್ಲಿ ಜೀವ ಅರ್ಧಂಬರ್ಧ ಎದ್ದು, ಕೋಳಿ ಕಾವಿಗೆ ಕೂಡುವ ಮೊದಲೇ ಸತ್ತಿರುತ್ತದೆ. ಆ ಸೆಖೆಯಲ್ಲಿ ಹುಂಜದ ವೀರ್ಯದ ಗುಣವೂ ಇಳಿಯುತ್ತದೆ. ಬೇಸಿಗೆಯಲ್ಲಿ ಕೆಟ್ಟು, ಮಳೆಗಾಲ ಕಳೆದ ಮೇಲೆ ಸರಿಹೋಗುವ ಸಮಸ್ಯೆಯಾದರೆ ಅದು ರಕ್ತದ್ದಲ್ಲ.

ಹಾಗಾದರೆ ರಕ್ತದ್ದೆಂದು ಗುರುತಿಸುವುದು ಹೇಗೆ? ಕಾಲ ಬದಲಾದರೂ, ಮೇವು ಬದಲಾದರೂ, ಬೇರೆ ಬೇರೆ ಹ್ಯಾಟಿಗಳ ಮರಿಗಳಲ್ಲಿ ಒಂದೇ ಊನ ಮರುಕಳಿಸಿದರೆ, ಆ ಮರಿಗಳಿಗೆಲ್ಲ ತಂದೆ ಒಂದೇ ಹುಂಜವಾಗಿದ್ದರೆ, ಆಗ ಅನುಮಾನ ಪಡಬೇಕು. ಸೊಟ್ಟ ಕೊಕ್ಕು ಇದಕ್ಕೆ ಒಳ್ಳೆಯ ಉದಾಹರಣೆ. ಚೀನಾದ ಬೀಜಿಂಗ್ ಯೂ ಎಂಬ ದೇಸಿ ತಳಿಯಲ್ಲೂ ಇದೇ ಊನ ವಿಜ್ಞಾನಿಗಳ ಗಮನ ಸೆಳೆದಿದೆ. ಚಿತ್ತಾಪುರ ತಾಲ್ಲೂಕಿನ ಒಂದು ಅಂಗಳದಲ್ಲಿ ನಾನು ನೋಡಿದ ಮರಿಗೆ ಮೂರು ವಾರ ಆಗಿರಬಹುದು. ಮೇಲಿನ ಕೊಕ್ಕು ಎಡಕ್ಕೆ, ಕೆಳಗಿನದು ಬಲಕ್ಕೆ ಹೋಗಿತ್ತು. ನೆಲಕ್ಕೆ ಚೆಲ್ಲಿದ ನುಚ್ಚನ್ನು ಕುಕ್ಕುತ್ತಿತ್ತು, ಕಾಳು ಜಾರುತ್ತಿತ್ತು, ಮತ್ತೆ ಕುಕ್ಕುತ್ತಿತ್ತು. ಆಳವಾದ ಬಟ್ಟಲಲ್ಲಿ ನೆನೆಸಿದ ನುಚ್ಚು ಇಟ್ಟಾಗ ಮುಖವನ್ನೇ ಒಳಗೆ ಅದ್ದಿ ಬಾಚಿಕೊಂಡು ತಿಂದಿತು. “ಮಾರ್ಲಾಕ ಬರಲ್ಲ, ಕೊಯ್ಲಾಕ ಮನಸ ಆಗಲ್ಲ ತಮ್ಮಾ” ಎಂದರು ಆ ಮನೆಯ ಅವ್ವ. ಆ ಮರಿಯ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಹತ್ತಾರು ಅಲ್ಲೇ ಓಡಾಡುತ್ತಿದ್ದವು, ಎಲ್ಲವೂ ನೋಡಲು ಚೆಂದ. ನಿಜವಾದ ತೊಡಕು ಇರುವುದು ಆ ಚೆಂದದ ಮರಿಗಳಲ್ಲಿ.

ವಂಶದ ಊನಗಳಲ್ಲಿ ಬಹುಪಾಲು ದುರ್ಬಲ ಜೀನ್‌ಗಳವು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿ ಕೂಡಿದಾಗ ಮಾತ್ರ ಊನ ಕಾಣುತ್ತದೆ. ಒಂದೇ ಪ್ರತಿ ಇರುವ ಹಕ್ಕಿ ಆರೋಗ್ಯವಾಗಿರುತ್ತದೆ, ಆದರೆ ತನ್ನ ಅರ್ಧ ಮರಿಗಳಿಗೆ ಆ ಜೀನ್ ದಾಟಿಸುತ್ತದೆ. ನೂರು ಮರಿಗಳಲ್ಲಿ ಒಂದರಲ್ಲಿ ಅಂಥ ಊನ ಕಂಡಿತು ಎಂದುಕೊಳ್ಳಿ. ಆ ಹಿಂಡಿನಲ್ಲಿ ಅದನ್ನು ಗುಟ್ಟಾಗಿ ಹೊತ್ತಿರುವ ಹಕ್ಕಿಗಳು ನೂರಕ್ಕೆ ಹದಿನೆಂಟು! ಊನ ಕಂಡ ಮರಿಯನ್ನಷ್ಟೇ ತೆಗೆದುಹಾಕುತ್ತಾ ಹೋದರೆ ಆ ಜೀನ್‌ನ ಪ್ರಮಾಣ ಅರ್ಧಕ್ಕಿಳಿಯಲು ಹತ್ತು ತಲೆಮಾರು ಬೇಕು. ಸೊಟ್ಟ ಕೊಕ್ಕಿನ ಮರಿಯನ್ನು ಕೊಯ್ದು ಸಾರು ಮಾಡಿದ ಮಾತ್ರಕ್ಕೆ ಹಿಂಡು ಶುದ್ಧವಾಗುವುದಿಲ್ಲ.

ಈ ಗುಟ್ಟಿನ ಪ್ರತಿಗಳು ಒಂದಕ್ಕೊಂದು ಎದುರಾಗುವಂತೆ ಮಾಡುವುದು ಒಳಸಂಬಂಧ, ಅಂದರೆ ಒಂದೇ ರಕ್ತದವು ತಮ್ಮೊಳಗೇ ಕೂಡುವುದು. ಒಂದು ಮನೆಯಲ್ಲಿ ಹತ್ತು ಹ್ಯಾಟಿ, ಒಂದು ಹುಂಜ ಇದ್ದರೆ ಹನ್ನೊಂದು ಹಕ್ಕಿ ಕಾಣುತ್ತವೆ ನಿಜ. ಮರಿಗಳಿಗೆಲ್ಲ ತಂದೆ ಒಂದೇ ಆದ್ದರಿಂದ ತಳಿಶಾಸ್ತ್ರದ ಲೆಕ್ಕದಲ್ಲಿ ಅವು ನಾಲ್ಕಕ್ಕೂ ಕಡಿಮೆ ಹಕ್ಕಿಗೆ ಸಮ, ಸರಿಯಾಗಿ ಹೇಳಬೇಕೆಂದರೆ 3.6. ಅಂಥ ಹಿಂಡು ಹೊರಗಿನ ಸಂಪರ್ಕವಿಲ್ಲದೆ ಒಂದು ತಲೆಮಾರು ದಾಟಿದರೆ ಒಳಸಂಬಂಧ ಸುಮಾರು ಶೇ 14ರಷ್ಟು ಏರುತ್ತದೆ. ತಂದೆ ಮಗಳ ಕೂಟ, ಅಣ್ಣ ತಂಗಿಯ ಕೂಟವಾದರೆ ಒಂದೇ ಹೆಜ್ಜೆಗೆ ಶೇ 25. ಮೊದಲು ಹೊಡೆತ ಬೀಳುವುದು ತತ್ತಿ ಮರಿಯಾಗುವ ಪ್ರಮಾಣಕ್ಕೆ, ಆಮೇಲೆ ಮರಿಗಳ ಉಳಿವಿಗೆ, ತತ್ತಿ ಸಂಖ್ಯೆಗೆ. ಕಣ್ಣಿಗೆ ಬೀಳುವ ಸೊಟ್ಟ ಕೊಕ್ಕಿಗಿಂತ ಕಣ್ಣಿಗೆ ಬೀಳದ ಈ ನಷ್ಟವೇ ಹೆಚ್ಚು.

ನಮ್ಮ ರೂಢಿಗಳೂ ಇದಕ್ಕೆ ಗೊತ್ತಿಲ್ಲದೆ ಕೈ ಜೋಡಿಸುತ್ತವೆ. ಹ್ಯಾಟಿಯನ್ನು ಪಾಲಿಗೆ ಕೊಟ್ಟು ಮರಿ ಹಂಚಿಕೊಳ್ಳುವ ಪದ್ಧತಿ ಬಡವರ ಮನೆಗೆ ಕೋಳಿ ಮುಟ್ಟಿಸಿದ ದೊಡ್ಡ ಪದ್ಧತಿ. ಅದರ ಇನ್ನೊಂದು ಪರಿಣಾಮವೆಂದರೆ ಒಂದು ಓಣಿಯ ಕೋಳಿಗಳೆಲ್ಲ ಕ್ರಮೇಣ ಒಂದೇ ಅಜ್ಜಿಯ ಮೊಮ್ಮಕ್ಕಳಾಗುತ್ತವೆ. ಇದಕ್ಕಿಂತ ನನಗೆ ಹೆಚ್ಚು ಕಳವಳ ತರುವುದು ಹುಂಜ ಕೊಯ್ಯುವ ರೀತಿ. ಜಾತ್ರೆ ಬರಲಿ, ಉರುಸು ಬರಲಿ, ಅಳಿಯ ಬರಲಿ, ಮೊದಲು ಹೋಗುವುದು ಎಲ್ಲಕ್ಕಿಂತ ಬೇಗ ಬೆಳೆದ, ಎದೆ ತುಂಬಿದ ಹುಂಜ. ಸಂತೆಗೆ ಹೋಗುವುದೂ ಅದೇ. ಮನೆಯಲ್ಲಿ ಉಳಿದು ಮುಂದಿನ ಮರಿಗಳಿಗೆ ತಂದೆಯಾಗುವುದು ಯಾರೂ ಕೊಳ್ಳದ ಬಡಕಲು ಹುಂಜ. ವರ್ಷಾನುವರ್ಷ ಹೀಗೆ ನಡೆದರೆ ಬೇರೆ ದೋಷ ಹುಡುಕುವುದೇ ಬೇಡ, ಹಿಂಡು ತಾನಾಗಿಯೇ ಸಣ್ಣದಾಗುತ್ತದೆ.

ಈ ಹಂತದಲ್ಲಿ ಹ್ಯಾಚರಿ ಹುಂಜ ಅಂಗಳಕ್ಕೆ ಬರುತ್ತದೆ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರಾ, ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ, ಇವೆಲ್ಲ ಒಳ್ಳೆಯ ಉದ್ದೇಶದಿಂದ, ಶ್ರಮದಿಂದ ಬೆಳೆಸಿದ ಹಕ್ಕಿಗಳು. ಜವಾರಿ ಹ್ಯಾಟಿ ವರ್ಷಕ್ಕೆ 50–60 ತತ್ತಿ ಇಟ್ಟರೆ ಇವು ಅದರ ಎರಡು ಮೂರು ಪಟ್ಟು ಇಡುತ್ತವೆ. ಅವನ್ನು ಅವಾಗಿಯೇ ಸಾಕಿದರೆ ಯಾರಿಗೂ ತಕರಾರಿಲ್ಲ. ಅವುಗಳ ಹುಂಜವನ್ನು ಜವಾರಿ ಹಿಂಡಿಗೆ ಬಿಟ್ಟಾಗ ಏನಾಗುತ್ತದೆ ಎಂಬುದು ಪ್ರಶ್ನೆ.

ಮೊದಲ ತಲೆಮಾರಿನ ಮರಿಗಳು ಅದ್ಭುತವಾಗಿರುತ್ತವೆ. ಸಂಬಂಧವೇ ಇಲ್ಲದ ಎರಡು ರಕ್ತ ಕೂಡಿದ್ದರಿಂದ ಊರಿನ ದುರ್ಬಲ ಜೀನ್‌ಗಳಿಗೆ ಜೋಡಿ ಸಿಗುವುದಿಲ್ಲ, ಊನ ಕಾಣುವುದಿಲ್ಲ, ಮೈ ಬೇಗ ತುಂಬುತ್ತದೆ. “ನೋಡ್ರಿ, ರಕ್ತ ಬದಲಾಯ್ತು” ಎಂದು ಎಲ್ಲರೂ ನಂಬುವುದು ಈ ಹೊತ್ತಿನಲ್ಲಿ. ದೋಷ ಎಲ್ಲಿಗೂ ಹೋಗಿರುವುದಿಲ್ಲ. ದೋಷದ ಜೀನ್ ಹೊತ್ತ ಹ್ಯಾಟಿಯ ಮರಿಗಳಲ್ಲಿ ಅರ್ಧದಷ್ಟು ಅದನ್ನು ಹೊತ್ತೇ ಇರುತ್ತವೆ. ಆ ಮರಿಗಳಲ್ಲೇ ಒಂದು ಹುಂಜವನ್ನು ಉಳಿಸಿಕೊಂಡು ಅದರ ಅಕ್ಕ ತಂಗಿಯರೊಂದಿಗೆ ಬಿಟ್ಟಾಗ, ಅಂದರೆ ಸಾಮಾನ್ಯವಾಗಿ ಎಲ್ಲರೂ ಮಾಡುವುದನ್ನೇ ಮಾಡಿದಾಗ, ಎರಡನೆಯ ತಲೆಮಾರಿನಲ್ಲಿ ಸೊಟ್ಟ ಕೊಕ್ಕು ಮರಳಿ ಬರಬಹುದು. ಮೊದಲ ತಲೆಮಾರಿನ ಹುರುಪೂ ಇಳಿದಿರುತ್ತದೆ. ಒಂದು ಮರಿ ದಪ್ಪ, ಒಂದು ಸಣಕಲು, ಒಂದು ಹೆದರುಪುಕ್ಕಲು, ಒಂದು ಹದ್ದು ಬಂದರೂ ಓಡದಷ್ಟು ಭಾರ.

ಹೋದರೆ ಸುಲಭಕ್ಕೆ ಮರಳಿ ಬಾರದ ಗುಣವೆಂದರೆ ಕಾವು ಕೂಡುವುದು. ಹೆಚ್ಚು ತತ್ತಿಗಾಗಿ ಆರಿಸಿ ಬೆಳೆಸಿದ ತಳಿಗಳಲ್ಲಿ ಈ ಗುಣವನ್ನು ಬೇಕೆಂದೇ ಕಳೆಯಲಾಗಿದೆ, ಏಕೆಂದರೆ ಕಾವಿಗೆ ಕೂತ ಕೋಳಿ ತತ್ತಿ ಇಡುವುದಿಲ್ಲ. ಜವಾರಿ ಹ್ಯಾಟಿ ಬುಟ್ಟಿಯಲ್ಲಿ ಹುಲ್ಲಿನ ಮೇಲೆ 21 ದಿನ ಕೂತು, ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ತಿಂದು, ಮತ್ತೆ ಬಂದು ತತ್ತಿಗಳನ್ನು ಕೊಕ್ಕಿನಿಂದ ಹೊರಳಿಸಿ ಕೂಡುತ್ತದೆ. ಕರೆಂಟು ಬೇಡ, ಯಂತ್ರ ಬೇಡ, ಬ್ರೂಡರ್ ಬಲ್ಬು ಬೇಡ. ಆಮೇಲೆ ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡು ಹದ್ದಿನಿಂದ ಕಾಯುತ್ತದೆ, ತಿಪ್ಪೆ ಕೆದರಲು ಕಲಿಸುತ್ತದೆ. ಈ ಗುಣ ಹಿಂಡಿನಿಂದ ಹೋದ ಮೇಲೆ ಪ್ರತಿ ಸಲವೂ ಮರಿಗೆ ದುಡ್ಡು ಕೊಡಬೇಕು. ಭೂಮಿಯಿಲ್ಲದ ಮನೆಯ ಹೆಣ್ಣುಮಗಳಿಗೆ ಕೋಳಿ ಆದಾಯವಾಗಿದ್ದದ್ದು ಮರಿ ಪುಕ್ಕಟೆ ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ. ತತ್ತಿಯ ಸಂಖ್ಯೆ ಮಾತ್ರ ಎಣಿಸುವ ಯೋಜನೆಗಳು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನ ದೊಡ್ಡ ತಕರಾರು.

ಕಡಕನಾಥ್ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ಬೆರಕೆ ಮೋಸವಾಗಿಬಿಟ್ಟಿದೆ. ಮಧ್ಯಪ್ರದೇಶದ ಝಾಬುವಾದ ಈ ಕರಿಕೋಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಬೆಲೆ ಏರಿತು, ನಮ್ಮ ಕಡೆಗೂ ಮರಿಗಳು ಬಂದವು. ಚರ್ಮ, ಮಾಂಸ, ಎಲುಬಿನ ಹೊದಿಕೆಯವರೆಗೆ ಕಪ್ಪು ತುಂಬುವುದಕ್ಕೆ ಕಾರಣ 20ನೇ ವರ್ಣತಂತುವಿನ ಒಂದು ತುಣುಕು ಇಮ್ಮಡಿಯಾಗಿರುವುದು. ಈ ಜೀನ್ ಪ್ರಬಲ, ಒಂದು ಪ್ರತಿ ಇದ್ದರೂ ಕೆಲಸ ಮಾಡುತ್ತದೆ. ಜೊತೆಗೆ ಚರ್ಮದೊಳಗಿನ ಕಪ್ಪನ್ನು ತಡೆಯುವ ಇನ್ನೊಂದು ಜೀನ್ ಇದೆ, ಅದು ಹಳದಿ, ಬಿಳಿ ಕಾಲಿನ ಕೋಳಿಗಳಲ್ಲಿರುತ್ತದೆ, ಕಡಕನಾಥ್‌ನಲ್ಲಿ ಇರುವುದಿಲ್ಲ. ಅದು ಕೂತಿರುವುದು ಲಿಂಗ ನಿರ್ಧರಿಸುವ ಝಡ್ ವರ್ಣತಂತುವಿನ ಮೇಲೆ. ಹುಂಜಕ್ಕೆ ಎರಡು ಝಡ್, ಹ್ಯಾಟಿಗೆ ಒಂದೇ, ಅದೂ ತಂದೆಯಿಂದ ಬಂದದ್ದು.

ಈಗ ಕಡಕನಾಥ್ ಹುಂಜವನ್ನು ಹಳದಿ ಅಥವಾ ಬಿಳಿ ಕಾಲಿನ ಜವಾರಿ ಹ್ಯಾಟಿಗೆ ಬಿಟ್ಟರೆ ಏನಾಗುತ್ತದೆ ನೋಡಿ. ಹೆಣ್ಣುಮರಿಗಳಿಗೆ ತಾಯಿಯ ಝಡ್ ಬರುವುದೇ ಇಲ್ಲ, ಹಾಗಾಗಿ ತಡೆಯುವ ಜೀನ್ ಇಲ್ಲ. ಅವು ಕಪ್ಪಾಗಿ ಹುಟ್ಟುತ್ತವೆ. ಗಂಡುಮರಿಗಳಿಗೆ ತಾಯಿಯಿಂದ ತಡೆ ಬರುತ್ತದೆ, ಬಣ್ಣ ಮಸುಕಾಗುತ್ತದೆ. ಅಂದರೆ ಅರ್ಧ ರಕ್ತದ ಹೆಣ್ಣುಮರಿ ನಾಲಗೆ ಕಪ್ಪು, ಕಾಲು ಕಪ್ಪು ತೋರಿಸಿ ಪೂರ್ತಿ ಕಡಕನಾಥ್ ದರಕ್ಕೆ ಹೋಗಬಹುದು. ಜವಾರಿ ಹ್ಯಾಟಿಯ ಕಾಲೇ ಕಪ್ಪು ಬೂದಿ ಬಣ್ಣದ್ದಾಗಿದ್ದರೆ ಗಂಡುಮರಿಗಳೂ ಕಪ್ಪಾಗಿಯೇ ಬರುತ್ತವೆ. ಇದೇನು ಹೊಸ ಗುಟ್ಟಲ್ಲ. ಇಂಥದೇ ಕಪ್ಪು ಚರ್ಮದ ಸಿಲ್ಕಿ ಕೋಳಿಯಲ್ಲಿ ಈ ಗಂಡು ಹೆಣ್ಣಿನ ವ್ಯತ್ಯಾಸವನ್ನು ಬೇಟ್ಸನ್ ಮತ್ತು ಪನೆಟ್ ಎಂಬ ವಿಜ್ಞಾನಿಗಳು 1911ರಲ್ಲೇ ವಿವರಿಸಿದ್ದರು. ಕೊಳ್ಳುವವರಿಗೆ ಇರುವ ದಾರಿ ಒಂದೇ. ಮರಿಯ ನಾಲಗೆ ನೋಡುವ ಬದಲು ತಂದೆ ತಾಯಿ ಎರಡನ್ನೂ ತೋರಿಸಲು ಕೇಳಬೇಕು, ಜೊತೆಗೆ ಹುಟ್ಟಿದ ಗಂಡುಮರಿಗಳನ್ನೂ ನೋಡಬೇಕು.

ವಿಚಿತ್ರವಾಗಿ ಕಾಣುವುದೆಲ್ಲ ದೋಷವೂ ಅಲ್ಲ. ಕುತ್ತಿಗೆಯಲ್ಲಿ ಪುಕ್ಕವಿಲ್ಲದ ಬೋಳು ಕುತ್ತಿಗೆಯ ಕೋಳಿಯನ್ನು ರೋಗದ ಕೋಳಿ ಎಂದು ಹೊರಹಾಕುವವರಿದ್ದಾರೆ. ಅದು ಒಂದು ಪ್ರಬಲ ಜೀನ್. ಒಂದು ಪ್ರತಿ ಇದ್ದರೆ ಮೈಮೇಲಿನ ಪುಕ್ಕ ಶೇ 20ರಷ್ಟು, ಎರಡಿದ್ದರೆ ಶೇ 40ರವರೆಗೆ ಕಡಿಮೆಯಾಗುತ್ತದೆ. ಮೈಯ ಬಿಸಿ ಹೊರಹೋಗುವುದು ಸುಲಭವಾಗುತ್ತದೆ. ಕಲಬುರಗಿಯ ಬೇಸಿಗೆಗೆ ಇದಕ್ಕಿಂತ ಹೊಂದುವ ಗುಣ ಇನ್ನೊಂದಿಲ್ಲ. ಇಜ್ಜತ್‌ನಗರದ ಕೇಂದ್ರೀಯ ಕೋಳಿ ಸಂಶೋಧನಾ ಸಂಸ್ಥೆ ಈ ಗುಣ ಬಳಸಿ ಹಿಟ್‌ಕಾರಿ ಎಂಬ ಕೋಳಿಯನ್ನೇ ಬೆಳೆಸಿದೆ. ನಮ್ಮ ಅಂಗಳದಲ್ಲಿ ಪುಕ್ಕಟೆ ಇರುವುದನ್ನು ನಾವು ಕೊಯ್ದುಹಾಕುತ್ತಿದ್ದೇವೆ. ಸುರುಳಿ ಪುಕ್ಕದ ಕೋಳಿಯೂ ಹಾಗೆಯೇ, ಒಂದು ಪ್ರತಿ ಇದ್ದರೆ ಸೆಖೆಗೆ ಅನುಕೂಲ. ಆದರೆ ಎರಡು ಸುರುಳಿ ಪುಕ್ಕದವನ್ನು ಕೂಡಿಸಬಾರದು, ಎರಡು ಪ್ರತಿ ಬಂದ ಮರಿಯ ಪುಕ್ಕ ಮುರಿದು ಉದುರಿ ಮೈ ಬೋಳಾಗುತ್ತದೆ.

ಗಿಡ್ಡಗಾಲಿನ ಕೋಳಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮೊಣಕಾಲು ನೆಲಕ್ಕೆ ತಾಗುವಂತೆ ಓಡಾಡುವ ಅವು ಮುದ್ದಾಗಿ ಕಾಣುತ್ತವೆ. ಆ ಗುಣದ ಎರಡು ಪ್ರತಿ ಸೇರಿದರೆ ಭ್ರೂಣ ಮೂರು ನಾಲ್ಕನೆಯ ದಿನಕ್ಕೇ ಸಾಯುತ್ತದೆ. ಗಂಡೂ ಹೆಣ್ಣೂ ಗಿಡ್ಡಗಾಲಿನವಾದರೆ ಕಾವಿಗೆ ಇಟ್ಟ ತತ್ತಿಗಳಲ್ಲಿ ಕಾಲುಭಾಗ ಹೀಗೆ ಹೋಗುತ್ತದೆ. ಒಂದು ಗಿಡ್ಡ, ಒಂದು ಮಾಮೂಲಿ ಕಾಲಿನದ್ದನ್ನು ಕೂಡಿಸಿದರೆ ಈ ನಷ್ಟ ಇಲ್ಲ. ಹಣೆಗೆ ಅಂಟಿದಂತೆ ಚಪ್ಪಟೆಯಾಗಿ, ಗಂಟುಗಂಟಾಗಿರುವ ಜುಟ್ಟಿನ ಹುಂಜಗಳಲ್ಲೂ ಆ ಜೀನ್ ಎರಡು ಪ್ರತಿ ಇದ್ದರೆ ಫಲವಂತಿಕೆ ಕಡಿಮೆ. ಅಂಥ ಒಂದೇ ಹುಂಜವನ್ನು ನಂಬಿ ಕೂಡುವ ಮನೆಯಲ್ಲಿ ತತ್ತಿ ಮರಿಯಾಗದಿದ್ದರೆ ಜುಟ್ಟನ್ನೊಮ್ಮೆ ನೋಡಬೇಕು.

ಹಾಗಾದರೆ ಮಾಡುವುದೇನು? ಮೂರು ಮನೆಗಳು, ಆದಷ್ಟೂ ಬೇರೆ ಬೇರೆ ಊರಿನವು, ಒಂದು ಒಪ್ಪಂದಕ್ಕೆ ಬಂದರೆ ಸಾಕು. ಹ್ಯಾಟಿಗಳು ಹುಟ್ಟಿದ ಮನೆಯಲ್ಲೇ ಉಳಿಯುತ್ತವೆ. ಒಂದನೆಯ ಮನೆಯಲ್ಲಿ ಬೆಳೆದ ಹುಂಜ ಎರಡನೆಯ ಮನೆಗೆ, ಎರಡನೆಯದು ಮೂರನೆಯ ಮನೆಗೆ, ಮೂರನೆಯದು ಒಂದನೆಯ ಮನೆಗೆ ಪ್ರತಿ ವರ್ಷ ಹೋಗುತ್ತದೆ. ತಂದೆ ಮಗಳು, ಅಣ್ಣ ತಂಗಿ ಎದುರಾಗುವುದೇ ಇಲ್ಲ. ಮನೆಗೆ ಒಂದರ ಬದಲು ಎರಡು ಮೂರು ಹುಂಜ ಇಟ್ಟರೆ ಇನ್ನೂ ಒಳ್ಳೆಯದು. ಹಳೆಯ ಹುಂಜ ತೆಗೆದ ಮೇಲೆ ಮೂರು ವಾರ ಕಾಯಬೇಕು, ಏಕೆಂದರೆ ಅದರ ಬೀಜ ಹ್ಯಾಟಿಯ ಮೈಯಲ್ಲಿ ಅಷ್ಟು ದಿನ ಉಳಿದಿರಬಹುದು. ಆ ಮೂರು ವಾರದ ತತ್ತಿ ತಿನ್ನಲಿಕ್ಕೆ, ಕಾವಿಗಲ್ಲ. ಗುರುತಿಗೆ ಮರಿ ಹುಟ್ಟಿದ ದಿನವೇ ಕಾಲಿನ ಬೆರಳುಗಳ ನಡುವಿನ ತೆಳು ಚರ್ಮಕ್ಕೆ ಸಣ್ಣ ತೂತು ಹಾಕಬಹುದು. ಎರಡು ಕಾಲಿಗೆ ನಾಲ್ಕು ಜಾಗ, ತೂತು ಇರುವುದು ಇಲ್ಲದಿರುವುದು ಸೇರಿ ಹದಿನಾರು ಬಗೆಯ ಗುರುತು. ಅಕ್ಷರ ಬಾರದವರೂ ಓದಬಲ್ಲ ದಾಖಲೆ ಇದು.

ಹುಂಜದ ಮೇಲೆ ಅನುಮಾನವಿದ್ದರೆ ಪರೀಕ್ಷಿಸುವ ಹಳೆಯ ವಿಧಾನವೂ ಇದೆ. ಆ ಊನವಿದ್ದೂ ಬೆಳೆದು ತತ್ತಿ ಇಡುವ ಹ್ಯಾಟಿಯೊಂದಿಗೆ ಅದನ್ನು ಬಿಡಬೇಕು. ಊನ ಒಂದೇ ದುರ್ಬಲ ಜೀನ್‌ನದ್ದಾಗಿದ್ದು, ಹುಂಜ ಅದನ್ನು ಹೊತ್ತಿದ್ದರೆ ಅರ್ಧ ಮರಿಗಳಲ್ಲಿ ಊನ ಕಾಣುತ್ತದೆ. ಏಳು ಮರಿ ಎದ್ದು ಒಂದರಲ್ಲೂ ಕಾಣದಿದ್ದರೆ ಆ ಹುಂಜ ಶುದ್ಧ ಎಂದು ಶೇ 99ರಷ್ಟು ನಂಬಬಹುದು. ಚಿತ್ತಾಪುರದ ಆ ಮರಿಯನ್ನು ಕೊಯ್ಯದೆ ಬಟ್ಟಲಲ್ಲಿ ತಿನ್ನಿಸಿ ಬೆಳೆಸುವುದಕ್ಕೆ ಹೀಗೊಂದು ಉಪಯೋಗವೂ ಉಂಟು, ಅದು ಹ್ಯಾಟಿಯಾಗಿದ್ದರೆ.

ಮಿಶ್ರತಳಿಗೂ ಜಾಗವಿದೆ. ಹಿಂಡಿನ ಉತ್ತಮ ಹ್ಯಾಟಿಗಳನ್ನು ಜವಾರಿ ಹುಂಜಕ್ಕೇ ಮೀಸಲಿಟ್ಟು, ಉಳಿದವಕ್ಕೆ ಬೇರೆ ಜಾಗದಲ್ಲಿ ದೊಡ್ಡ ತಳಿಯ ಹುಂಜ ಬಿಟ್ಟು, ಹುಟ್ಟಿದ ಮರಿಗಳನ್ನು ಗಂಡು ಹೆಣ್ಣೆನ್ನದೆ ಎಲ್ಲವನ್ನೂ ಮಾಂಸಕ್ಕೆ ಮಾರಬೇಕು. ಅವುಗಳಲ್ಲಿ ಒಂದನ್ನೂ ತಳಿಗೆ ಉಳಿಸಿಕೊಳ್ಳಬಾರದು. ತಳಿಗೇ ಹೊರಗಿನ ಹುಂಜ ಬೇಕೆಂದರೆ ಕಾಳಗಕ್ಕೆ ಹೆಸರಾದ ದೇಸಿ ತಳಿ ಅಸೀಲ್ ಉತ್ತಮ ಆಯ್ಕೆ. ಅದರ ಹ್ಯಾಟಿಗಳು ತತ್ತಿ ಕಡಿಮೆ ಇಟ್ಟರೂ ಕಾವಿಗೆ ಗಟ್ಟಿಯಾಗಿ ಕೂಡುತ್ತವೆ. ಹುಂಜ ಮೂರು ನಾಲ್ಕು ಕಿಲೋ ತೂಗುವುದರಿಂದ ಸಣ್ಣ ಹ್ಯಾಟಿಗಳ ಬೆನ್ನು ಗಾಯವಾಗದಂತೆ ನೋಡಿಕೊಳ್ಳಬೇಕು.

ದನದ ವಿಷಯದಲ್ಲಿ ಬೀದರ ಸೀಮೆ ದೇವಣಿ ತಳಿಯ ಹೆಸರು ಉಳಿಸಿಕೊಂಡಿದೆ. ಅಂಗಳದ ಬಹುಪಾಲು ಜವಾರಿ ಕೋಳಿಗೆ ಅಂಥ ಹೆಸರೂ ಇಲ್ಲ, ವಂಶದ ದಾಖಲೆಯೂ ಇಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ಹಿತ್ತಲ ಕೋಳಿಗಳ ಸಂಖ್ಯೆ 31.7 ಕೋಟಿ, ಹಿಂದಿನ ಗಣತಿಗಿಂತ ಶೇ 45ಕ್ಕೂ ಹೆಚ್ಚು. ಆದರೆ ಆ ಲೆಕ್ಕ ಕೋಳಿಯ ತಲೆ ಎಣಿಸುತ್ತದೆ, ಎಷ್ಟು ಹ್ಯಾಟಿಗಳು ಕಾವಿಗೆ ಕೂಡುತ್ತವೆ ಎಂಬುದನ್ನಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯೇ ಬೀದರದ ನಂದಿನಗರದಲ್ಲಿದೆ. ಈ ಮೂರು ಜಿಲ್ಲೆಗಳ ಜವಾರಿ ಕೋಳಿಯ ತೂಕ, ತತ್ತಿ, ಕಾವು, ಊನಗಳನ್ನು ಹಳ್ಳಿ ಹಳ್ಳಿಗೆ ಹೋಗಿ ಬರೆದುಕೊಳ್ಳಲು ಇದಕ್ಕಿಂತ ಹತ್ತಿರದ ಸಂಸ್ಥೆ ಬೇರೆ ಬೇಕಿಲ್ಲ.

ದುಡ್ಡಿನ ದಾರಿಯೂ ಇದೆ. 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ ಕನಿಷ್ಠ 1000 ತಾಯಿ ಕೋಳಿಗಳಿರುವ ಗ್ರಾಮೀಣ ಕೋಳಿ ತಳಿ ಕೇಂದ್ರಕ್ಕೆ ಶೇ 50ರಷ್ಟು, 25 ಲಕ್ಷ ರೂಪಾಯಿ ಮಿತಿಯೊಳಗೆ ಸಹಾಯಧನ ಕೊಡುತ್ತದೆ. ಸ್ವಸಹಾಯ ಸಂಘಗಳೂ ರೈತ ಉತ್ಪಾದಕ ಸಂಸ್ಥೆಗಳೂ ಅರ್ಜಿ ಹಾಕಬಹುದು. ಸೇಡಂನಲ್ಲೋ ಭಾಲ್ಕಿಯಲ್ಲೋ ಒಂದು ಮಹಿಳಾ ಒಕ್ಕೂಟ ಸಾವಿರ ಜವಾರಿ ಹ್ಯಾಟಿ, ನೂರು ಹುಂಜ ಇಟ್ಟು ಅಂಥ ಕೇಂದ್ರ ನಡೆಸಿದರೆ, ಹಿತ್ತಲಿನ 3.6ರ ಜಾಗದಲ್ಲಿ ಆ ಹಿಂಡಿನ ನಿಜವಾದ ಗಾತ್ರ 364ರಷ್ಟಾಗುತ್ತದೆ. ಶರತ್ತು ಒಂದೇ. ಆ ನೂರು ಹುಂಜಗಳು ಒಂದೇ ಹ್ಯಾಚರಿಯ ಒಂದೇ ತಟ್ಟೆಯಿಂದ ಬರದೆ ಆಳಂದ, ಜೇವರ್ಗಿ, ಸುರಪುರ, ಗುರುಮಠಕಲ್, ಹುಮನಾಬಾದ, ಔರಾದದ ನೂರು ಅಂಗಳಗಳಿಂದ, ತಾಯಿ ಕಾವಿಗೆ ಕೂತು ಎಬ್ಬಿಸಿದ ಮರಿಗಳಿಂದ ಬರಬೇಕು.